ಹಟ್ಟಿಯ ಬಂಗಾರ, ಸಂಡೂರಿನ ಕಬ್ಬಿಣ ಮತ್ತು ಕ್ಯಾನ್ಸರ್ ಗಡ್ಡೆಯ ಸ್ಕ್ಯಾನ್

ನಮ್ಮ ಕಡೆಯ ನೆಲ ಬಿಸಿಲಿಗೆ ಎಷ್ಟು ಹೆಸರೋ ಅದಿರಿಗೂ ಅಷ್ಟೇ ಹೆಸರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಬಂಗಾರ ತೆಗೆಯುತ್ತಾರೆ. ಬಳ್ಳಾರಿ ಜಿಲ್ಲೆಯ ಸಂಡೂರು, ದೋಣಿಮಲೈ ಕಡೆಯ ಗುಡ್ಡಗಳಲ್ಲಿ ಕಬ್ಬಿಣ. ಅದೇ ಸಂಡೂರು ತಾಲ್ಲೂಕಿನಲ್ಲಿ ಮ್ಯಾಂಗನೀಸ್ ಕೂಡ ಇದೆ. ಈ ಮೂರು ಲೋಹಗಳಿಗೂ ಕ್ಯಾನ್ಸರ್ ಗಡ್ಡೆಯ ಸ್ಕ್ಯಾನಿಗೂ ಒಂದು ನಂಟಿದೆ. ಇವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿ, ರಕ್ತಕ್ಕೆ ಬಿಟ್ಟು, ಗಡ್ಡೆ ಚೆನ್ನಾಗಿ ಕಾಣುತ್ತದಾ ಎಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ನೋಡುತ್ತಿದ್ದಾರೆ.

ಸರಾಫರ ಅಂಗಡಿಯಲ್ಲಿ ಈ ಮೂರರಲ್ಲಿ ಬಂಗಾರವೇ ಮೇಲು. ಮೈಯೊಳಗೆ ಹೋದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಗಡ್ಡೆ ತೋರಿಸುವ ಕೆಲಸ ಮುಗಿದ ಮೇಲೆ ಆ ಕಣ ಎಲ್ಲಿಗೆ ಹೋಗುತ್ತದೆ? ಹೊರಗೆ ಹೋಗುತ್ತದಾ, ಮೈಯಲ್ಲೇ ಜೀರ್ಣವಾಗುತ್ತದಾ, ಸುಮ್ನೆ ಅಲ್ಲೇ ಕೂರುತ್ತದಾ? ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಗಟ್ಟಿ ಪ್ರಶ್ನೆ ಇದೇ. ಚಿತ್ರ ಎಷ್ಟು ಚೆಂದ ಬಂತು ಅನ್ನುವುದು ಆಮೇಲಿನ ಮಾತು.

ಮೊದಲು ಡೈ ಯಾಕೆ ಬೇಕು ಎಂದು ನೋಡೋಣ. ಸಿಟಿ ಸ್ಕ್ಯಾನ್ ಅಂದರೆ ಎಕ್ಸ್‌ರೇಯದೇ ದೊಡ್ಡ ರೂಪ. ಮೂಳೆ ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ, ಬೆಳ್ಳಗೆ ಕಾಣುತ್ತದೆ. ಶ್ವಾಸಕೋಶದಲ್ಲಿ ಗಾಳಿ ಇದೆ, ಕಪ್ಪಗೆ ಕಾಣುತ್ತದೆ. ತೊಂದರೆ ಇರುವುದು ಮೆತ್ತನೆಯ ಅಂಗಗಳಲ್ಲಿ. ಲಿವರ್ ಮತ್ತು ಅದರೊಳಗೆ ಬೆಳೆದ ಗಡ್ಡೆ, ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಗಡ್ಡೆ ಸಣ್ಣದಿದ್ದರೆ ಪಳಗಿದ ಕಣ್ಣಿಗೂ ತಪ್ಪಿಹೋಗಬಹುದು. ಅದಕ್ಕೇ ರಕ್ತಕ್ಕೆ ಕಾಂಟ್ರಾಸ್ಟ್ ಬಿಡುತ್ತಾರೆ. ಜನ ಅದನ್ನು ಡೈ ಅಂತಾರೆ, ಬಣ್ಣದ ಇಂಜೆಕ್ಷನ್ ಅಂತಾರೆ. ನಿಜ ಹೇಳಬೇಕೆಂದರೆ ಅದರಲ್ಲಿ ಬಣ್ಣ ಇಲ್ಲ, ನೀರಿನಂತಿರುತ್ತದೆ. ಗಡ್ಡೆಗೆ ರಕ್ತ ಹರಿಯುವ ರೀತಿ ಬೇರೆ. ಹಾಗಾಗಿ ಡೈ ಅಲ್ಲಿ ತುಂಬುವ, ಖಾಲಿಯಾಗುವ ಹೊತ್ತೂ ಬೇರೆ. ಆ ವ್ಯತ್ಯಾಸವೇ ಚಿತ್ರದಲ್ಲಿ ಗುರುತಾಗಿ ಬೀಳುತ್ತದೆ.

ಕೊಪ್ಪಳದ ಕಡೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಇದು ಹೇಗೆ ನಡೆಯುತ್ತದೆ ಎಂದು ನೋಡಿದ್ದೇನೆ. ವಯಸ್ಸಾದ ಅಮ್ಮ ಒಬ್ಬರು ಟೇಬಲ್ ಮೇಲೆ ಮಲಗಿದ್ದರು. ಮೊಣಕೈ ಮಡಿಕೆಯಲ್ಲಿ ಸೂಜಿ, ಸೂಜಿಗೆ ಉದ್ದನೆಯ ಟ್ಯೂಬ್, ಟ್ಯೂಬಿನ ಆ ತುದಿಗೆ ಪಂಪ್. ಉಸಿರು ಹಿಡಿಯಿರಿ ಎಂದು ಯಂತ್ರ ಹಿಂದಿಯಲ್ಲಿ ಹೇಳುತ್ತಿತ್ತು. ಅವರಿಗೆ ಅದು ತಿಳಿಯಲಿಲ್ಲ. ಗಾಜಿನ ಆಚೆಯಿಂದ ಟೆಕ್ನಿಷಿಯನ್ ಹುಡುಗ ಮೈಕ್ ಹಿಡಿದು ಹೇಳಿದ: “ಯಮ್ಮಾ, ಮೈಯೆಲ್ಲಾ ಬಿಸಿ ಆದಂಗ ಆಗ್ತೈತಿ, ಒಂದಕ್ಕ ಹೋದಂಗ ಅನಸ್ತೈತಿ. ಏನೂ ಆಗಂಗಿಲ್ಲ, ಅಲ್ಲಾಡಬ್ಯಾಡ್ರಿ.” ಅಯೋಡಿನ್ ಡೈ ಒಳಗೆ ಹೋದಾಗ ಹಾಗೆ ಅನ್ನಿಸುವುದು ನಿಜ. ಮುಗಿದ ಮೇಲೆ ಅವರು ಸೆರಗು ಸರಿ ಮಾಡಿಕೊಂಡು ಕೇಳಿದ ಮಾತು ಒಂದೇ: “ಆ ಔಷಧ ಒಳಗ ಉಳೀತೈತೇನಪಾ?” ಹುಡುಗ, “ಇಲ್ರೀ ಯಮ್ಮಾ, ನೀರು ಜಾಸ್ತಿ ಕುಡೀರಿ, ಒಂದಕ್ಕ ಹೋದಾಗ ಹೋಗ್ತೈತಿ” ಅಂದ.

ಹುಡುಗ ಹೇಳಿದ್ದು ಸರಿ. ಸಿಟಿಯಲ್ಲಿ ಕೊಡುವ ಅಯೋಡಿನ್ ಡೈ ಬಹಳ ಸಣ್ಣ ಅಣು. ಕಿಡ್ನಿ ಚೆನ್ನಾಗಿದ್ದರೆ ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿದ್ದ ಅರ್ಧ ಪ್ರಮಾಣ ಖಾಲಿಯಾಗುತ್ತದೆ. ಒಂದು ದಿನದೊಳಗೆ ಬಹುತೇಕ ಎಲ್ಲವೂ ಮೂತ್ರದಲ್ಲಿ ಹೊರಬೀಳುತ್ತದೆ. ಸ್ಕ್ಯಾನಿಗೆ ಮುಂಚೆ “ಕ್ರಿಯಾಟಿನಿನ್ ರಿಪೋರ್ಟ್ ತಂದಿದ್ದೀರಾ?” ಎಂದು ಕೇಳುವುದು ಇದಕ್ಕೇ, ಕಿಡ್ನಿ ಹೇಗಿದೆ ಎಂದು ಹೇಳುವ ರಕ್ತಪರೀಕ್ಷೆ ಅದು. ಶುಗರ್, ಬಿಪಿ ಇರುವ, ಕಿಡ್ನಿ ಸೋತಿರುವ ರೋಗಿಗೆ ಆ ದಾರಿ ಅಷ್ಟು ಸಲೀಸಲ್ಲ. ಇನ್ನೊಂದು ಕೊರತೆಯೂ ಇದೆ. ಸಣ್ಣ ಅಣುವಾದ್ದರಿಂದ ಅದು ಗಡ್ಡೆಗೂ ಹೋಗುತ್ತದೆ, ಗಡ್ಡೆ ಇಲ್ಲದ ಕಡೆಗೂ ಹೋಗುತ್ತದೆ. ಚಿತ್ರ ತೆಗೆಯಲು ಸಿಗುವುದು ಕೆಲವೇ ನಿಮಿಷ.

ಎಂಆರ್‌ಐನಲ್ಲಿ ಕೊಡುವುದು ಗ್ಯಾಡೊಲಿನಿಯಂ ಎಂಬ ಲೋಹ. ಬಿಡಿಯಾಗಿ ಕೊಟ್ಟರೆ ಅದು ವಿಷ. ಅದಕ್ಕೆ ಇನ್ನೊಂದು ಅಣು ಅದನ್ನು ಬಿಗಿಯಾಗಿ ಹಿಡಿದಿರುವಂತೆ ಮಾಡಿ ಕೊಡುತ್ತಾರೆ. ಅಮೆರಿಕದಲ್ಲಿ 1988ರಲ್ಲಿ ಮೊದಲ ಗ್ಯಾಡೊಲಿನಿಯಂ ಡೈಗೆ ಒಪ್ಪಿಗೆ ಸಿಕ್ಕಿತು. ಬಹಳ ವರ್ಷ ಎಲ್ಲರೂ ನಿಶ್ಚಿಂತೆಯಿಂದ ಬಳಸಿದರು. 2006ರಲ್ಲಿ ಕಿಡ್ನಿ ಕೆಟ್ಟ ರೋಗಿಗಳ ಚರ್ಮ ಗಟ್ಟಿಯಾಗುವ ಒಂದು ಕೆಟ್ಟ ಕಾಯಿಲೆಗೂ ಇದಕ್ಕೂ ನಂಟಿದೆ ಎಂದು ಗೊತ್ತಾಯಿತು. ಮತ್ತೆ ಮತ್ತೆ ಈ ಡೈ ತೆಗೆದುಕೊಂಡವರ ಮೆದುಳಿನಲ್ಲಿ ಅದರ ಗುರುತು ಉಳಿಯುತ್ತದೆ ಎಂದು 2014ರಲ್ಲಿ ಜಪಾನಿನ ವೈದ್ಯರು ತೋರಿಸಿದರು. ಸಡಿಲವಾಗಿ ಹಿಡಿದಿಡುವ ಜಾತಿಯ ಹಲವು ಡೈಗಳನ್ನು 2017ರಲ್ಲಿ ಯುರೋಪ್ ನಿಲ್ಲಿಸಿತು. ಈಗ ಬಳಸುವ ಬಿಗಿ ಜಾತಿಯವು ಹೆಚ್ಚು ಸುರಕ್ಷಿತ. ಹೆದರಿ ಎಂಆರ್‌ಐ ಬಿಡುವ ಅಗತ್ಯ ಇಲ್ಲ. ಆದರೆ ‘ಹೋಗ್ತೈತಿ’ ಅನ್ನುವ ಮಾತನ್ನು ಪರೀಕ್ಷೆ ಮಾಡಿಯೇ ಹೇಳಬೇಕು, ಅಲ್ವಾ?

ಹೋಗದೆ ಉಳಿದದ್ದು

ಈ ಮಾತಿಗೆ ಇತಿಹಾಸದಲ್ಲಿ ಒಂದು ಕಹಿ ಉದಾಹರಣೆ ಇದೆ. ಅದರ ಹೆಸರು ಥೊರೊಟ್ರಾಸ್ಟ್.

1920ರ ದಶಕದ ಕೊನೆಯಲ್ಲಿ ಬಂದ ಡೈ ಅದು. ಥೋರಿಯಂ ಡೈಆಕ್ಸೈಡಿನ ಅತಿ ಸಣ್ಣ ಕಣಗಳನ್ನು ದ್ರವದಲ್ಲಿ ತೇಲಿಸಿ ಮಾಡಿದ್ದು. ಕಣಗಳ ಗಾತ್ರ ಕೆಲವೇ ನ್ಯಾನೋಮೀಟರ್. ಆಗ ನ್ಯಾನೋ ಎಂಬ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಇವತ್ತಿನ ಲೆಕ್ಕದಲ್ಲಿ ಅದು ನ್ಯಾನೋ ಕಾಂಟ್ರಾಸ್ಟೇ. ಥೋರಿಯಂ ಭಾರವಾದ ಲೋಹ, ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಚಿತ್ರಗಳು ಸೊಗಸಾಗಿ ಬಂದವು. ರೋಗಿಗೆ ಉರಿ ಇಲ್ಲ, ವಾಂತಿ ಇಲ್ಲ, ಅಲರ್ಜಿ ಇಲ್ಲ. ಮೆದುಳಿನ ರಕ್ತನಾಳಗಳ ಚಿತ್ರ ತೆಗೆಯುವುದನ್ನು ಶುರು ಮಾಡಿದ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕೂಡ 1931ರ ಹೊತ್ತಿಗೆ ಇದನ್ನೇ ಬಳಸತೊಡಗಿದರು. ಆ ಹೊತ್ತಿನ ಬೇರೆ ಡೈಗಳಿಗೆ ಹೋಲಿಸಿದರೆ ವೈದ್ಯರಿಗೆ ಇದು ದೊಡ್ಡ ನೆಮ್ಮದಿ.

ಆದರೆ ಆ ಕಣಗಳಿಗೆ ಹೊರಗೆ ಹೋಗುವ ದಾರಿ ಇರಲಿಲ್ಲ. ಲಿವರ್, ಗುಲ್ಮ (ಸ್ಪ್ಲೀನ್), ಮೂಳೆ ಮಜ್ಜೆಯಲ್ಲಿರುವ ಮ್ಯಾಕ್ರೊಫೇಜ್ ಎಂಬ ಕೋಶಗಳು ಅವನ್ನು ನುಂಗಿದವು. ನುಂಗಿದ್ದನ್ನು ಕರಗಿಸಲು ಆಗಲಿಲ್ಲ. ಥೋರಿಯಂ ವಿಕಿರಣ ಸೂಸುವ ಲೋಹ, ಅದರ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ಒಂದು ದಿನದ ಚಿತ್ರಕ್ಕೆಂದು ಕೊಟ್ಟ ಡೈ ಬದುಕಿರುವಷ್ಟು ದಿನವೂ ಲಿವರಿನೊಳಗೆ ಕೂತು ವಿಕಿರಣ ಸೂಸಿತು. ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ ಆ ರೋಗಿಗಳಲ್ಲಿ ಲಿವರ್ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿದವು. 1950ರ ದಶಕದಲ್ಲಿ ಬಳಕೆ ನಿಂತಿತು. ಅಷ್ಟರಲ್ಲಿ ಕೊಟ್ಟಾಗಿತ್ತು, ವಾಪಸ್ ತೆಗೆಯುವಂತಿರಲಿಲ್ಲ.

ಇವತ್ತು ಯಾರೂ ವಿಕಿರಣ ಸೂಸುವ ಥೋರಿಯಂ ಕೊಡುವುದಿಲ್ಲ. ಆದರೂ ಹೊಸ ನ್ಯಾನೋ ಕಣ ಯಾವುದೇ ಬರಲಿ, ಔಷಧ ಪರವಾನಗಿ ಕೊಡುವವರು ‘ಇದು ಮೈಯಲ್ಲಿ ಎಲ್ಲಿ, ಎಷ್ಟು ದಿನ ಇರುತ್ತದೆ’ ಎಂದು ಕೇಳುತ್ತಾರೆ. ಆ ಪ್ರಶ್ನೆಯ ಹಿಂದೆ ಇಂಥ ಅನುಭವ ಇದೆ.

ಸಣ್ಣದಾದರೆ ಓಡುತ್ತದೆ, ದೊಡ್ಡದಾದರೆ ಕೂರುತ್ತದೆ

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೋಮೀಟರ್. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್. ಗಡ್ಡೆಗೆಂದು ಮಾಡುವ ಕಣಗಳು ಹೆಚ್ಚಾಗಿ 5ರಿಂದ 200 ನ್ಯಾನೋಮೀಟರ್ ಒಳಗಿನವು. ಇಷ್ಟು ಸಣ್ಣದು ಯಾಕೆ ಬೇಕು ಅನ್ನುವುದಕ್ಕೆ ಗಡ್ಡೆಯ ರಕ್ತನಾಳಗಳೇ ಕಾರಣ.

ಗಡ್ಡೆ ಅವಸರದಲ್ಲಿ ಬೆಳೆಯುತ್ತದೆ. ಅವಸರದಲ್ಲೇ ರಕ್ತನಾಳಗಳನ್ನು ಕಟ್ಟಿಕೊಳ್ಳುತ್ತದೆ. ಅವು ಸೊಟ್ಟಪಟ್ಟ, ಗೋಡೆಯಲ್ಲಿ ಸಂದುಗಳು. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿ, ಸಿಂಧನೂರು, ಸಿರುಗುಪ್ಪದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಬಿರುಕು ಬಿಟ್ಟು ಸೋರಿದರೆ, ಕೆಳಗೆ ಬಸಿಗಾಲುವೆಯೂ ಇಲ್ಲದಿದ್ದರೆ, ನೀರು ಹೊಲದಲ್ಲೇ ನಿಂತು ಜವುಳು ಹಿಡಿಯುತ್ತದೆ. ಗಡ್ಡೆಯಲ್ಲೂ ಹೀಗೇ. ಸಂದಿನಿಂದ ಕಣ ಸೋರಿ ಒಳಗೆ ಬರುತ್ತದೆ. ಸೋರಿದ್ದನ್ನು ವಾಪಸ್ ಒಯ್ಯಬೇಕಾದ ದುಗ್ಧನಾಳ ಗಡ್ಡೆಯಲ್ಲಿ ಸರಿಯಾಗಿ ಇರುವುದಿಲ್ಲ. ಹೀಗಾಗಿ ಕಣ ಅಲ್ಲೇ ನಿಲ್ಲುತ್ತದೆ. ಆರೋಗ್ಯವಾಗಿರುವ ಅಂಗದ ರಕ್ತನಾಳದಲ್ಲಿ ಅಷ್ಟು ದೊಡ್ಡ ಸಂದು ಇಲ್ಲ, ಕಣ ಸುಮ್ನೆ ಮುಂದೆ ಹೋಗುತ್ತದೆ. ಜಪಾನಿನ ಯಸುಹಿರೊ ಮತ್ಸುಮುರಾ ಮತ್ತು ಹಿರೋಶಿ ಮಯೆದಾ 1986ರಲ್ಲಿ ಇದನ್ನು ಬರೆದು ತೋರಿಸಿದರು. ನ್ಯಾನೋ ಔಷಧಗಳ ಮೇಲೆ ಇಷ್ಟೆಲ್ಲ ದುಡ್ಡು, ಇಷ್ಟೆಲ್ಲ ಆಸೆ ಹುಟ್ಟಿದ್ದು ಬಹುಪಾಲು ಅಲ್ಲಿಂದ.

ಈಗ ಇಕ್ಕಟ್ಟು ಬರುತ್ತದೆ. ಗಡ್ಡೆಯಲ್ಲಿ ನಿಲ್ಲಬೇಕಾದರೆ ಕಣ ತಕ್ಕಮಟ್ಟಿಗೆ ದೊಡ್ಡದಿರಬೇಕು, ರಕ್ತದಲ್ಲಿ ಕೆಲವು ಗಂಟೆಯಾದರೂ ಸುತ್ತಬೇಕು. ಕಿಡ್ನಿಯಿಂದ ಹೊರಗೆ ಹೋಗಬೇಕಾದರೆ ಬಹಳ ಸಣ್ಣದಿರಬೇಕು. ಎಷ್ಟು ಸಣ್ಣದು? ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಹೊಳೆಯುವ ಕಣಗಳನ್ನು ಪ್ರಾಣಿಗಳಿಗೆ ಕೊಟ್ಟು 2007ರಲ್ಲಿ ಅಳೆದರು. ಸುಮಾರು 5.5 ನ್ಯಾನೋಮೀಟರ್ ಒಳಗಿನವು ಮೂತ್ರದಲ್ಲಿ ಬೇಗ ಹೋದವು. ಅದಕ್ಕಿಂತ ದೊಡ್ಡವು ಉಳಿದವು. ಉಳಿದ ಕಣ ಕೊನೆಗೆ ಹೋಗಿ ಸೇರುವುದು ಲಿವರ್ ಮತ್ತು ಗುಲ್ಮಕ್ಕೆ. ಥೊರೊಟ್ರಾಸ್ಟ್ ಹೋಗಿ ಕೂತ ಜಾಗವೂ ಅದೇ.

ಮೈಯಲ್ಲಿ ಕರಗುವ ಕಣದ ಉಪಾಯ ಈ ಇಕ್ಕಟ್ಟಿನಿಂದ ಹುಟ್ಟಿತು. ಒಳಗೆ ಹೋಗುವಾಗ ದೊಡ್ಡದಾಗಿರಲಿ. ಚಿತ್ರ ಮುಗಿದ ಮೇಲೆ ಒಡೆದು ಚೂರಾಗಲಿ. ಚೂರುಗಳು ಕಿಡ್ನಿಯಿಂದ ಹೊರಬೀಳುವಷ್ಟು ಸಣ್ಣದಿರಲಿ, ಇಲ್ಲಾ ಮೈಗೆ ಮೊದಲೇ ಗೊತ್ತಿರುವ ಪದಾರ್ಥವಾಗಿರಲಿ. ಹೇಳುವುದು ಸುಲಭ. ಯಾವ ಲೋಹ ಇದಕ್ಕೆ ಒಗ್ಗುತ್ತದೆ ಅನ್ನುವಲ್ಲಿ ನಮ್ಮ ಮೂರು ಅದಿರುಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಬಂಗಾರ

ಬಂಗಾರ ಅಯೋಡಿನ್‌ಗಿಂತ ಭಾರವಾದ ಧಾತು. ಸಿಟಿ ಸ್ಕ್ಯಾನಿಗೆ ಇದರಷ್ಟು ಒಳ್ಳೆಯದು ಕಡಿಮೆ. 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್‌ರೇಯನ್ನು ಅದು ಅಷ್ಟೇ ತೂಕದ ಅಯೋಡಿನ್‌ಗಿಂತ ಸುಮಾರು 2.7 ಪಟ್ಟು ಹೆಚ್ಚು ತಡೆಯುತ್ತದೆ. 2006ರಲ್ಲಿ ಅಮೆರಿಕದ ಜೇಮ್ಸ್ ಹೈನ್‌ಫೆಲ್ಡ್ ಮತ್ತು ಜೊತೆಗಾರರು 1.9 ನ್ಯಾನೋಮೀಟರಿನ ಬಂಗಾರದ ಕಣಗಳನ್ನು ಇಲಿಗಳಿಗೆ ಕೊಟ್ಟರು. ರಕ್ತನಾಳ, ಕಿಡ್ನಿ, ಗಡ್ಡೆ ಎಲ್ಲ ಎದ್ದು ಕಂಡವು.

ಒಂದು ಲೆಕ್ಕ ಹಾಕಿ ನೋಡಿ. ದೊಡ್ಡವರ ಹೊಟ್ಟೆಯ ಸಿಟಿಗೆ ಸುಮಾರು 100 ಮಿಲಿಲೀಟರ್ ಡೈ ಹೋಗುತ್ತದೆ ಅಂದುಕೊಳ್ಳಿ. ಒಂದು ಮಿಲಿಲೀಟರಿಗೆ 300 ಮಿಲಿಗ್ರಾಂ ಎಂದರೆ ಅದರಲ್ಲಿ 30 ಗ್ರಾಂ ಅಯೋಡಿನ್. ಅಷ್ಟೇ ಪರಿಣಾಮ ಬಂಗಾರದಿಂದ ಬರಬೇಕಾದರೆ 11 ಗ್ರಾಂ ಬೇಕು. ಹತ್ತಿರ ಹತ್ತಿರ ಒಂದು ತೊಲ! ಹಟ್ಟಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಮಗಳ ಮದುವೆಗೆ ಒಂದು ತೊಲ ಹೊಂದಿಸಲು ಒದ್ದಾಡುವ ನಮ್ಮೂರಿನಲ್ಲಿ ಒಂದೊಂದು ಸ್ಕ್ಯಾನಿಗೆ ಒಂದೊಂದು ತೊಲ ನರಕ್ಕೆ ಹಾಕುವ ಮಾತು ತಮಾಷೆಯಾಗಿಯೇ ಕೇಳುತ್ತದೆ.

ದುಡ್ಡಿನ ಮಾತು ಬಿಡಿ. ಬಂಗಾರ ತುಕ್ಕು ಹಿಡಿಯುವುದಿಲ್ಲ ಎಂದು ಹೊಗಳುತ್ತೇವೆ. ಮೈಯೊಳಗೆ ಅದೇ ಅದರ ದೋಷ. ಕೋಶದೊಳಗಿನ ಆಮ್ಲಕ್ಕೆ ಅದು ಸುಲಭವಾಗಿ ಕರಗುವುದಿಲ್ಲ. ದೊಡ್ಡ ಕಣಗಳು ಲಿವರಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಕೋಶಗಳೊಳಗೆ ಬಂಗಾರ ತಿಂಗಳುಗಳ ಅವಧಿಯಲ್ಲಿ ನಿಧಾನವಾಗಿ ಕರಗಿ, ಅಲ್ಲೇ ಮತ್ತೆ ಹರಳುಗಟ್ಟುತ್ತದೆ ಎಂದು 2020ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಅಂದರೆ ಕರಗಿದರೂ ಮನೆ ಬಿಡುವುದಿಲ್ಲ. ಬಂಗಾರ ವಿಷ ಅಂತಲ್ಲ, ಕೀಲು ನೋವಿಗೆ ಹಿಂದೆ ಬಂಗಾರದ ಲವಣವನ್ನೇ ಔಷಧವಾಗಿ ಕೊಡುತ್ತಿದ್ದರು. ಆದರೆ ವರ್ಷಕ್ಕೆ ಮೂರು ನಾಲ್ಕು ಸಲ ಸ್ಕ್ಯಾನ್ ಮಾಡಿಸಬೇಕಾದ ಕ್ಯಾನ್ಸರ್ ರೋಗಿಯ ಲಿವರಿನಲ್ಲಿ ಪ್ರತಿ ಸಲದ ಬಂಗಾರ ಸೇರುತ್ತಾ ಹೋದರೆ ಮುಂದಿನ ಚಿತ್ರ ಓದುವುದೇ ಕಷ್ಟ.

ಇದಕ್ಕೂ ಒಂದು ದಾರಿ ಹುಡುಕಿದ್ದಾರೆ. 5 ನ್ಯಾನೋಮೀಟರಿಗಿಂತ ಸಣ್ಣ ಬಂಗಾರದ ಕಣಗಳನ್ನು ಕರಗುವ ಪಾಲಿಮರಿನಲ್ಲಿ (ಸರಪಳಿಯಂಥ ಉದ್ದ ಅಣುಗಳ ಪದಾರ್ಥ) ಒಟ್ಟಿಗೆ ಕಟ್ಟಿ, ಸುಮಾರು 100 ನ್ಯಾನೋಮೀಟರಿನ ಗೊಂಚಲು ಮಾಡುವುದು. ಪಾಲಿಮರ್ ಕರಗಿದರೆ ಗೊಂಚಲು ಬಿಚ್ಚುತ್ತದೆ, ಬಿಡಿ ಕಣ ಕಿಡ್ನಿಯಿಂದ ಹೊರಗೆ ಹೋಗಬಹುದು. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದವರು 2010ರಲ್ಲಿ ಇಂಥ ಗೊಂಚಲು ಮಾಡಿ ತೋರಿಸಿದರು. ಉಪಾಯ ನನಗೆ ಬಹಳ ಹಿಡಿಸಿತು. ರೋಗಿಯ ಹಾಸಿಗೆವರೆಗೆ ಬರುವುದು ಮಾತ್ರ ಇನ್ನೂ ದೂರ.

ಕಬ್ಬಿಣ

ಮೊದಲೇ ಹೇಳಿಬಿಡುತ್ತೇನೆ. ದೋಣಿಮಲೈ ಅದಿರನ್ನು ಅರೆದು ಯಾರೂ ಇಂಜೆಕ್ಷನ್ ಮಾಡುವುದಿಲ್ಲ. ಲಾರಿ ಹೋದಾಗ ನಮ್ಮ ಅಂಗಿಯ ಮೇಲೆ ಕೂರುವ ಆ ಕೆಂಪು ಧೂಳು ಹೆಮಟೈಟ್. ಎಂಆರ್‌ಐಗೆ ಬೇಕಾದದ್ದು ಅಯಸ್ಕಾಂತಕ್ಕೆ ಜೋರಾಗಿ ಒಲಿಯುವ ಮ್ಯಾಗ್ನೆಟೈಟ್ ಜಾತಿಯ ಕಬ್ಬಿಣದ ಆಕ್ಸೈಡ್. ಕಬ್ಬಿಣದ ಲವಣಗಳ ದ್ರಾವಣಕ್ಕೆ ಅಮೋನಿಯಾದಂಥ ಕ್ಷಾರ ಸೇರಿಸಿದರೆ ಅದು ಕಪ್ಪು ಪುಡಿಯಾಗಿ ಬೀಳುತ್ತದೆ. ಕಣಗಳು ಅಂಟಿಕೊಳ್ಳದಂತೆ ಮೇಲೆ ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಜಾತಿಯ ಪದರ ಕೊಡುತ್ತಾರೆ.

ಎಂಆರ್‌ಐ ನೋಡುವುದು ಮೈಯಲ್ಲಿನ ನೀರಿನ ಹೈಡ್ರೋಜನ್ನನ್ನು. ಕಬ್ಬಿಣದ ಕಣ ಹತ್ತಿರ ಇದ್ದರೆ ಅಲ್ಲಿನ ಅಯಸ್ಕಾಂತ ಕ್ಷೇತ್ರ ಕದಡುತ್ತದೆ, ಸಿಗ್ನಲ್ ಬೇಗ ಸಾಯುತ್ತದೆ, ಆ ಜಾಗ ಕಪ್ಪಗೆ ಕಾಣುತ್ತದೆ. ಲಿವರಿನ ಮ್ಯಾಕ್ರೊಫೇಜ್‌ಗಳು ಈ ಕಣಗಳನ್ನು ನುಂಗುವುದರಿಂದ ಆರೋಗ್ಯವಾಗಿರುವ ಲಿವರ್ ಪೂರ್ತಿ ಕಪ್ಪಾಗುತ್ತದೆ. ಗಡ್ಡೆಯಲ್ಲಿ ಆ ಕೋಶಗಳು ಇಲ್ಲ, ಇಲ್ಲವೇ ಕಡಿಮೆ. ಹಾಗಾಗಿ ಗಡ್ಡೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಫೆರಿಡೆಕ್ಸ್ ಎಂಬ ಇಂಥ ಡೈಗೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತ್ತು. 2003ರಲ್ಲಿ ಇದೇ ಬಗೆಯ ಇನ್ನೂ ಸಣ್ಣ ಕಣಗಳಿಂದ, ಪ್ರಾಸ್ಟೇಟ್ ಕ್ಯಾನ್ಸರ್ ದುಗ್ಧನಾಳದ ಗಂಟುಗಳಿಗೆ (ಲಿಂಫ್ ನೋಡ್) ಹರಡಿದೆಯೇ ಎಂದು ಪತ್ತೆ ಮಾಡಬಹುದೆಂದು ತೋರಿಸಿದರು. ಗಾತ್ರ ನೋಡಿದರೆ ಮಾಮೂಲಾಗಿ ಕಾಣುವ ಗಂಟಿನೊಳಗೂ ಕ್ಯಾನ್ಸರ್ ಇರುವುದು ಹೀಗೆ ಸಿಕ್ಕಿತು.

ಇನ್ನು ಮುಖ್ಯ ಮಾತು. ಈ ಕಣಗಳನ್ನು ನುಂಗಿದ ಮ್ಯಾಕ್ರೊಫೇಜ್ ಏನು ಮಾಡುತ್ತದೆ? ಅದರೊಳಗೆ ಲೈಸೋಸೋಮ್ ಎಂಬ ಆಮ್ಲದ ಚೀಲ ಇದೆ. ಅಲ್ಲಿ ಪದರ ಕರಗುತ್ತದೆ, ಆಮೇಲೆ ಕಬ್ಬಿಣವೂ ಕರಗುತ್ತದೆ. ಬಿಡುಗಡೆಯಾದ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನ್ ತನ್ನೊಳಗೆ ತುಂಬಿಕೊಳ್ಳುತ್ತದೆ. ಒಂದು ಫೆರಿಟಿನ್ನಿನಲ್ಲಿ 4,500 ಕಬ್ಬಿಣದ ಪರಮಾಣುಗಳವರೆಗೆ ಜಾಗ ಇದೆ. ಬೇಕಾದಾಗ ಅಲ್ಲಿಂದ ತೆಗೆದು ಹೊಸ ಹಿಮೋಗ್ಲೋಬಿನ್ ಮಾಡಲು ಬಳಸುತ್ತದೆ. ನಿನ್ನೆ ಗಡ್ಡೆ ತೋರಿಸಿದ ಕಬ್ಬಿಣ ಮುಂದೆ ಒಂದು ದಿನ ಕೆಂಪು ರಕ್ತಕಣದೊಳಗೆ ಆಮ್ಲಜನಕ ಹೊರುತ್ತಿರುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಪ್ರಮಾಣ ನೋಡಿ. ಫೆರಿಡೆಕ್ಸಿನ ಡೋಸ್ ಒಂದು ಕಿಲೋ ತೂಕಕ್ಕೆ 0.56 ಮಿಲಿಗ್ರಾಂ ಕಬ್ಬಿಣ. 60 ಕಿಲೋ ತೂಕದವರಿಗೆ 34 ಮಿಲಿಗ್ರಾಂ ಆಗುತ್ತದೆ. ನಮ್ಮ ಮೈ ಹಳೆಯ ರಕ್ತಕಣಗಳನ್ನು ಒಡೆದು ಪ್ರತಿ ದಿನ ಮರುಬಳಕೆ ಮಾಡುವ ಕಬ್ಬಿಣವೇ 20ರಿಂದ 25 ಮಿಲಿಗ್ರಾಂ. ಅಂದರೆ ಡೈನಲ್ಲಿ ಬಂದದ್ದು ಒಂದೂವರೆ ದಿನದ ಕೆಲಸ. ಲಿವರಿಗೆ ಇದೇನು ಹೊಸ ಹೊರೆಯಲ್ಲ.

ನ್ಯಾನೋ ಅಂದರೆ ಎಲ್ಲೋ ವಿದೇಶದ ಮಾತು ಅಂದುಕೊಂಡವರಿಗೆ ಇನ್ನೊಂದು ಸುದ್ದಿ. ರಕ್ತ ತೀರಾ ಕಡಿಮೆ ಇರುವ ಗರ್ಭಿಣಿಯರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಡ್ರಿಪ್ ಹಾಕುತ್ತಾರಲ್ಲ, ಸಲೈನ್ ಬಾಟಲಿಯಲ್ಲಿ ಕಂದು ಬಣ್ಣದ್ದು, ಐರನ್ ಸುಕ್ರೋಸ್? ಅದರಲ್ಲಿರುವುದೂ ಸಕ್ಕರೆಯ ಹೊದಿಕೆಯ ಕಬ್ಬಿಣದ ನ್ಯಾನೋ ಕಣಗಳೇ. ಎಷ್ಟೋ ತಾಯಂದಿರ ಮೈ ಅದನ್ನು ಜೀರ್ಣ ಮಾಡಿಕೊಂಡು ರಕ್ತ ಮಾಡಿಕೊಂಡಿದೆ. ಫೆರುಮಾಕ್ಸಿಟಾಲ್ ಎಂಬುದು ಇದರ ದೊಡ್ಡಣ್ಣ. ಕಿಡ್ನಿ ರೋಗಿಗಳ ರಕ್ತಹೀನತೆಗೆ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆದ ಔಷಧ. ಅದರ ಕಣ ಎಂಆರ್‌ಐನಲ್ಲಿ ಕಾಣುತ್ತದೆ. ಹಾಗಾಗಿ ಗ್ಯಾಡೊಲಿನಿಯಂ ಕೊಡಲಾಗದ ಕಿಡ್ನಿ ರೋಗಿಗಳಿಗೆ ಅಲ್ಲಿನ ಕೆಲವು ಆಸ್ಪತ್ರೆಗಳಲ್ಲಿ ಇದನ್ನೇ ಡೈ ಆಗಿ ಬಳಸುತ್ತಾ ಬಂದಿದ್ದಾರೆ.

ಹಾಗಂತ ಕಬ್ಬಿಣದಲ್ಲಿ ತಕರಾರೇ ಇಲ್ಲ ಎಂದಲ್ಲ. ಒಂದು, ಗುರುತು ಕಪ್ಪು. ರಕ್ತಸ್ರಾವ ಆಗಿದ್ದ ಜಾಗವೂ ಕಪ್ಪು, ಗಾಳಿಯೂ ಕಪ್ಪು. ಯಾವುದು ಯಾವುದು ಎಂದು ಬಿಡಿಸುವುದು ರೇಡಿಯಾಲಜಿಸ್ಟ್‌ಗೆ ತಲೆನೋವು. ಕಣವನ್ನು 3 ನ್ಯಾನೋಮೀಟರ್ ಆಸುಪಾಸಿಗೆ ಇಳಿಸಿದರೆ ಗುರುತು ಬೆಳ್ಳಗಾಗುತ್ತದೆ, ಅದರ ಮೇಲೆ ಕೆಲಸ ನಡೆದಿದೆ. ಎರಡು, ಕಬ್ಬಿಣವನ್ನು ಹೊರಗೆ ಹಾಕುವ ಬಾಗಿಲು ಮೈಗೆ ಇಲ್ಲ, ಕೂಡಿಡುವುದಷ್ಟೇ ಗೊತ್ತು. ಥಲಸ್ಸೇಮಿಯಾದಿಂದ ಪದೇ ಪದೇ ರಕ್ತ ಹಾಕಿಸಿಕೊಳ್ಳುವವರಲ್ಲಿ ಕಬ್ಬಿಣ ಮೊದಲೇ ಜಾಸ್ತಿ, ಅವರಿಗೆ ಇದು ಬೇಡ. ಮೂರು, ಕೆಲವರಿಗೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗುತ್ತದೆ. ಫೆರುಮಾಕ್ಸಿಟಾಲ್ ಬಗ್ಗೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅತಿ ಗಂಭೀರ ಎಚ್ಚರಿಕೆಯನ್ನೇ ಅಂಟಿಸಿದರು. ಕರಗುತ್ತದೆ ಅನ್ನುವುದು ಬೇರೆ, ಕೊಡುವ ಗಳಿಗೆಯಲ್ಲಿ ಸುರಕ್ಷಿತ ಅನ್ನುವುದು ಬೇರೆ. ಇನ್ನು ಫೆರಿಡೆಕ್ಸ್, ಅದರ ಬಳಕೆ ಕಡಿಮೆಯಾಗಿ ತಯಾರಿಕೆಯೇ ನಿಂತುಹೋಯಿತು. ಒಳ್ಳೆಯ ಔಷಧ ಕೂಡ ಮಾರಾಟ ಆಗದಿದ್ದರೆ ಸಾಯುತ್ತದೆ.

ಮ್ಯಾಂಗನೀಸ್

ಇದರ ಚಮತ್ಕಾರ ಬೇರೆ. ಗಡ್ಡೆಯ ಒಳಗೆ ವಾತಾವರಣ ಸ್ವಲ್ಪ ಹುಳಿ. ರಕ್ತದ ಪಿಎಚ್ 7.4 ಇದ್ದರೆ ಗಡ್ಡೆಯಲ್ಲಿ 6.5ರಿಂದ 6.9ರವರೆಗೆ ಇಳಿದಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಅಲ್ಲಿ ಜಾಸ್ತಿ. ಮ್ಯಾಂಗನೀಸ್ ಡೈಆಕ್ಸೈಡಿನ ಕಣ ಮಾಮೂಲು ರಕ್ತದಲ್ಲಿ ಸುಮ್ಮನಿರುತ್ತದೆ, ಎಂಆರ್‌ಐನಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ. ಗಡ್ಡೆಯ ಹುಳಿ, ಪೆರಾಕ್ಸೈಡ್ ತಾಗಿದಾಗ ಕರಗಿ ಮ್ಯಾಂಗನೀಸ್ ಅಯಾನ್ ಬಿಡುತ್ತದೆ. ಆ ಅಯಾನು ಸಿಗ್ನಲನ್ನು ಬೆಳ್ಳಗೆ ಮಾಡುತ್ತದೆ. ಅಂದರೆ ಕರಗುವುದೇ ಕಾಣುವುದು. ಉಳಿದ ಕಣಗಳು ಕೆಲಸ ಮುಗಿದ ಮೇಲೆ ಕರಗಿದರೆ ಇದು ಕರಗಿಯೇ ಕೆಲಸ ಮಾಡುತ್ತದೆ. ಪ್ರಾಣಿಗಳಲ್ಲಿ ಫಲಿತಾಂಶ ಚೆನ್ನಾಗಿದೆ.

ಆದರೆ ಹೆಚ್ಚಾದ ಮ್ಯಾಂಗನೀಸ್ ಮೆದುಳಿಗೆ ಕೆಟ್ಟದ್ದು. ಮ್ಯಾಂಗನೀಸ್ ಅರೆಯುವ ಕೆಲಸಗಾರರ ನಡಿಗೆ ತಪ್ಪುವುದು, ಮುಖ ಬಿಗಿಯುವುದು, ಮಾತು ತೊದಲುವುದನ್ನು ಸ್ಕಾಟ್ಲೆಂಡಿನ ವೈದ್ಯ ಕೂಪರ್ 1837ರಲ್ಲೇ ಬರೆದಿದ್ದರು. ಅದಿರು ಮತ್ತು ವೆಲ್ಡಿಂಗ್ ಹೊಗೆಯ ನಡುವೆ ದುಡಿಯುವವರಿರುವ ನಮ್ಮ ಜಿಲ್ಲೆಗಳಲ್ಲಿ ಇದು ಓದಿ ಮರೆಯುವ ಸಂಗತಿಯಲ್ಲ. ಲಿವರ್ ಚೆನ್ನಾಗಿದ್ದರೆ ಪಿತ್ತದ ಮೂಲಕ ಮ್ಯಾಂಗನೀಸ್ ಹೊರಗೆ ಹೋಗುತ್ತದೆ. ಲಿವರೇ ಕೆಟ್ಟಿರುವ ಕ್ಯಾನ್ಸರ್ ರೋಗಿಗೆ ಕೊಡುವುದು ಹೇಗೆ? ಇದಕ್ಕೆ ಉತ್ತರ ಪ್ರಮಾಣದಲ್ಲಿದೆ. ಎಷ್ಟು ಕಡಿಮೆ ಕೊಟ್ಟು ಎಷ್ಟು ಕಾಣಿಸಬಹುದು ಅನ್ನುವ ಹುಡುಕಾಟ ನಡೆದಿದೆ.

ಲೋಹವೇ ಬೇಡ ಅನ್ನುವವರು

ಆಪರೇಷನ್ ಆದವರಿಗೆ ಡಾಕ್ಟರು ‘ಒಳಗೆ ಕರಗೋ ದಾರ ಹಾಕಿದ್ದೀನಿ, ಬಿಚ್ಚೋದು ಬೇಡ’ ಅನ್ನುತ್ತಾರೆ. ಆ ದಾರಗಳಲ್ಲಿ ಬಹಳ ಬಳಕೆಯಾಗುವುದು ಗ್ಲೈಕೋಲಿಕ್ ಆಮ್ಲ ಮತ್ತು ಲ್ಯಾಕ್ಟಿಕ್ ಆಮ್ಲ ಸೇರಿ ಆದ ಪಾಲಿಮರ್. ನೀರು ತಾಗಿ ತಾಗಿ ಅದರ ಕೊಂಡಿಗಳು ಬಿಚ್ಚುತ್ತವೆ. ಸುಮಾರು 56ರಿಂದ 70 ದಿನದಲ್ಲಿ ದಾರ ಮಾಯ. ಉಳಿಯುವ ಲ್ಯಾಕ್ಟಿಕ್ ಆಮ್ಲ ಮೈಗೆ ಹೊಸತಲ್ಲ, ಜೋರಾಗಿ ಓಡಿದರೆ ನಮ್ಮ ಸ್ನಾಯುಗಳೇ ಅದನ್ನು ಮಾಡುತ್ತವೆ. ಇದೇ ಜಾತಿಯ ಪಾಲಿಮರಿನಿಂದ ನ್ಯಾನೋ ಗುಂಡು ಮಾಡಿ, ಅದರೊಳಗೆ ಡೈ ತುಂಬಿಸುತ್ತಾರೆ. ಪಿಎಲ್‌ಜಿಎ ಎಂದು ಇದರ ಹೆಸರು. ಎರಡು ಆಮ್ಲಗಳ ಪಾಲು ಬದಲಿಸಿದರೆ ಕರಗುವ ವೇಗ ಬದಲಾಗುತ್ತದೆ, ಅರ್ಧಕ್ಕರ್ಧ ಇದ್ದರೆ ಅತಿ ಬೇಗ.

ಕೆನಡಾದ ಟೊರೊಂಟೊದಲ್ಲಿ 2011ರಲ್ಲಿ ಪೋರ್ಫಿಸೋಮ್ ಎಂಬ ಕಣ ಮಾಡಿದರು. ಹಿಮೋಗ್ಲೋಬಿನ್ನಿಗೆ ಕೆಂಪು ಕೊಡುವ ಪೋರ್ಫಿರಿನ್ ಜಾತಿಯ ಅಣುವನ್ನು ಕೊಬ್ಬಿನ ಅಣುವಿಗೆ ಜೋಡಿಸಿ ಕಟ್ಟಿದ ಗುಳ್ಳೆ ಅದು. ಲೋಹ ಇಲ್ಲದೆಯೇ ಬೆಳಕು ಹೀರಿ, ಆ ಶಾಖದಿಂದ ಹುಟ್ಟುವ ಶಬ್ದದ ಅಲೆಯಲ್ಲಿ ಚಿತ್ರ ಕೊಡುತ್ತದೆ. ಮೈಯ ಕಿಣ್ವಗಳು ಅದನ್ನು ಒಡೆಯುತ್ತವೆ. ಕೊಚ್ಚಿಯ ಅಮೃತಾ ಸಂಸ್ಥೆಯ ಸಂಶೋಧಕರು ಹಿಡಿದದ್ದು ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಮೂಳೆಯ ಪದಾರ್ಥವೇ ಅದು. ಒಂದೇ ಕಣ ಎಂಆರ್‌ಐನಲ್ಲೂ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲೂ, ಗಾಮಾ ಕ್ಯಾಮೆರಾದಲ್ಲೂ ಕಾಣುವಂತೆ ಮಾಡಿ 2013ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಇದ್ದೂ ಆಸ್ಪತ್ರೆಗೆ ಯಾಕೆ ಬಂದಿಲ್ಲ?

ಬಸಿಗಾಲುವೆ ಇಲ್ಲದ ಹೊಲದ ಲೆಕ್ಕ ಇಲಿಗಳಲ್ಲಿ ಚೆನ್ನಾಗಿ ನಡೆಯಿತು. ಮನುಷ್ಯರ ಗಡ್ಡೆ ಒಂದೊಂದೂ ಒಂದೊಂದು ಥರ. ಕೆಲವು ಸೋರುತ್ತವೆ, ಕೆಲವು ಇಲ್ಲ. ಟೊರೊಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿತು. ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪುವುದು ಮಧ್ಯಮ ಲೆಕ್ಕದಲ್ಲಿ 0.7 ಶೇಕಡಾ. ನೂರಕ್ಕೆ ಒಂದೂ ಇಲ್ಲ! ಉಳಿದದ್ದರಲ್ಲಿ ಬಹುಪಾಲು ಲಿವರ್ ಮತ್ತು ಗುಲ್ಮದ ಪಾಲು. ಕಣಗಳು ಸಂದಿನಿಂದ ಸೋರುವುದಕ್ಕಿಂತ ಹೆಚ್ಚಾಗಿ ರಕ್ತನಾಳದ ಗೋಡೆಯ ಕೋಶಗಳೇ ಅವನ್ನು ಎತ್ತಿ ಆಚೆ ದಾಟಿಸುತ್ತವೆ ಎಂದು ಅದೇ ತಂಡ 2020ರಲ್ಲಿ ಹೇಳಿತು. ಮೂಲ ತಿಳಿವಳಿಕೆಯೇ ಇನ್ನೂ ಹದಕ್ಕೆ ಬರುತ್ತಿದೆ ಎಂದಾಯಿತು.

ಗಡ್ಡೆ ತಲುಪದ 99 ಭಾಗ ಏನಾಗುತ್ತದೆ ಅನ್ನುವುದೇ ಹೀಗಾಗಿ ದೊಡ್ಡ ಪ್ರಶ್ನೆ. ಕರಗುವ ಗುಣ ಒಂದು ಅಲಂಕಾರ ಅಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹೊತ್ತಿನ ಲೆಕ್ಕವೂ ಕಷ್ಟದ್ದೇ. ರಕ್ತದಲ್ಲಿ ಕೆಲವು ಗಂಟೆ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಗಡ್ಡೆ ತಲುಪುವ ಮೊದಲೇ ಡೈ ಚೆಲ್ಲಿಹೋಗುತ್ತದೆ. ಆಮೇಲೆ ಕೆಲವು ದಿನದಲ್ಲಿ ಕರಗಬೇಕು. ಹೊಲಿಗೆ ದಾರದ ಎರಡು ತಿಂಗಳು ಇಲ್ಲಿ ತುಂಬಾ ಜಾಸ್ತಿ.

ಮನುಷ್ಯರವರೆಗೆ ಬಂದವೂ ಇವೆ. ಅಮೆರಿಕದ ಕಾರ್ನೆಲ್‌ನಲ್ಲಿ ಹುಟ್ಟಿದ, 6–7 ನ್ಯಾನೋಮೀಟರಿನ ಸಿಲಿಕಾ ಕಣವನ್ನು ಚರ್ಮದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಮೊದಲ ಫಲಿತಾಂಶ 2014ರಲ್ಲಿ ಬಂತು. ಕಣಗಳು ಮುಖ್ಯವಾಗಿ ಮೂತ್ರದಲ್ಲಿ ಹೊರಬಂದವು. ಫ್ರಾನ್ಸಿನವರು ಗ್ಯಾಡೊಲಿನಿಯಂ ಹೊತ್ತ 5 ನ್ಯಾನೋಮೀಟರಿನೊಳಗಿನ ಕಣವನ್ನು ಮೆದುಳಿನ ಗಡ್ಡೆ ಇರುವವರಿಗೆ ಕೊಟ್ಟು ಪರೀಕ್ಷಿಸಿದ್ದಾರೆ. ಅದು ಗಡ್ಡೆಯನ್ನು ತೋರಿಸುತ್ತದೆ, ಜೊತೆಗೆ ರೇಡಿಯೇಷನ್ ಚಿಕಿತ್ಸೆಯ ಪೆಟ್ಟನ್ನೂ ಜೋರು ಮಾಡುತ್ತದೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮಟ್ಟಿಗೆ, ಇವತ್ತು ಸಿಟಿಗೆ ಹೋದರೆ ಸಿಗುವುದು ಅಯೋಡಿನ್, ಎಂಆರ್‌ಐಗೆ ಹೋದರೆ ಗ್ಯಾಡೊಲಿನಿಯಂ. ‘ನ್ಯಾನೋ ಸ್ಕ್ಯಾನ್’ ಎಂದು ಹೇಳಿ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಯಾವ ಡೈ, ಯಾವ ಒಪ್ಪಿಗೆ ಎಂದು ಬರೆದುಕೊಡಲು ಹೇಳಿ. ಕ್ರಿಯಾಟಿನಿನ್ ರಿಪೋರ್ಟ್ ಇಟ್ಟುಕೊಂಡೇ ಹೋಗಿ. ಹಿಂದೆ ಡೈ ಹಾಕಿದಾಗ ದದ್ದು, ಉಬ್ಬಸ ಬಂದಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನೂ ಹೇಳಿ, ಕಿಡ್ನಿ ನೋಡಿ ಎರಡು ದಿನ ನಿಲ್ಲಿಸಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಬೆಂಗಳೂರಿಗೋ ಹೈದರಾಬಾದಿಗೋ ತೋರಿಸಲು ಹೋಗುವವರು ಇಲ್ಲಿ ಮಾಡಿಸಿದ ಸ್ಕ್ಯಾನಿನ ರಿಪೋರ್ಟ್ ಕಾಗದದ ಜೊತೆ ಸಿಡಿಯನ್ನೂ ಇಸಿದುಕೊಳ್ಳಿ. ಅದು ಇದ್ದರೆ ಅಲ್ಲಿ ಮತ್ತೊಮ್ಮೆ ಡೈ ಹಾಕಿಸಿಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.